ಲೇಖಕರಿಗೆ ಬರೆಯುವಾಗ ಪ್ರಶ್ನೆಯನ್ನು ಜವಾಬಿನ ಇನ್‌ಲ್ಯಾಂಡ್‌ನಲ್ಲೇ ಬರೆದಿಡಿ

ಐತಿಹಾಸಿಕ ಕಾದಂಬರಿಕಾರರಿಗೆ ಕಾಗದ ಬರೆಯುವವರು ನಿಮ್ಮದೇ ವಿಳಾಸ ಬರೆದ ಇನ್‌ಲ್ಯಾಂಡ್ ಲೆಟರ್ (ಅಂಚೆ ಕಚೇರಿಯಲ್ಲಿ ಸಿಗುವ, ಅಂಚೆ ವೆಚ್ಚ ಮೊದಲೇ ಸೇರಿರುವ, ಮಡಚಿ ಅಂಟಿಸುವ ಕಾಗದ) ಒಂದನ್ನು ಲಕೋಟೆಯೊಳಗಿಡಿ, ಕೇಳಬೇಕಾದ್ದನ್ನು ಅದರ ಒಳಮೈಯ ಮೇಲ್ಭಾಗದಲ್ಲೇ ಬರೆದುಬಿಡಿ. ಪ್ರಶ್ನೆ ಒಂದೇ ಇರಲಿ, ಹೀಗೆ: "ಎರಡನೇ ಮುದ್ರಣ, ಅಧ್ಯಾಯ 7, ಪುಟ 112: ಪಾಳೆಯಗಾರನ ತಮ್ಮ ಕೋಟೆ ಬಿಟ್ಟುಹೋದದ್ದಕ್ಕೆ ಆಧಾರ ಯಾವುದು? ಶಾಸನ / ಕೈಫಿಯತ್ತು / ಲಾವಣಿ / ತಮ್ಮ ಕಲ್ಪನೆ". (ಕೈಫಿಯತ್ತು ಎಂದರೆ ಊರಿನ ಹಳೆಯ ವೃತ್ತಾಂತದ ಬರಹ.) ಕೆಳಗಿನ ಜಾಗ ಪೂರ್ತಿ ಖಾಲಿ ಬಿಡಿ. ಲೇಖಕರು ಉತ್ತರಿಸಲು ಕೂರುವ ಹೊತ್ತಿಗೆ ನಿಮ್ಮ ಮೂಲ ಕಾಗದ ಎಲ್ಲೋ ಸೇರಿಹೋಗಿದ್ದರೂ ಪ್ರಶ್ನೆ ಅವರ ಕಣ್ಣೆದುರೇ ಇರುತ್ತದೆ. ವಯಸ್ಸಾದವರು ಸರಿಯಾದ ಆಯ್ಕೆಯ ಕೆಳಗೆ ಒಂದು ಗೆರೆ ಎಳೆದು ಸಹಿ ಹಾಕಿದರೂ ಸಾಕು. ಮುದ್ರಣ ಬದಲಾದರೆ ಪುಟಸಂಖ್ಯೆಯೂ ಬದಲಾಗುವುದರಿಂದ ಅಧ್ಯಾಯ ಬರೆಯುವುದನ್ನು ಮರೆಯಬೇಡಿ.

ತೂಕದ ಮೇಲೆ ಗಮನವಿರಲಿ. 80 ಜಿಎಸ್ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ) ಎ4 ಹಾಳೆ 5 ಗ್ರಾಂ ತೂಗುತ್ತದೆ, ಸಾಮಾನ್ಯ ಅಂಚೆಯ 5 ರೂಪಾಯಿ ಚೀಟಿ 20 ಗ್ರಾಂವರೆಗೆ ಮಾತ್ರ. ಎರಡು ಹಾಳೆ, ಇನ್‌ಲ್ಯಾಂಡ್, ಲಕೋಟೆ ಸೇರಿದರೆ ಮಿತಿಯ ಹತ್ತಿರ ಬಂದಂತೆ. ಚೀಟಿ ಕಡಿಮೆಯಾದರೆ ಬಾಕಿಯ ಎರಡರಷ್ಟನ್ನು ಲೇಖಕರ ಕೈಯಿಂದಲೇ ವಸೂಲು ಮಾಡುತ್ತಾರೆ. ಪ್ರೀತಿಯಿಂದ ಬರೆದ ಕಾಗದಕ್ಕೆ ಹಾಗಾಗಬಾರದು.

"ಇತಿಹಾಸವೆಂದರೇನು" ಎಂಬಂಥ ದೊಡ್ಡ ಪ್ರಶ್ನೆಗೆ ಈ ಉಪಾಯ ಫಲಿಸದು. ಇನ್‌ಲ್ಯಾಂಡ್ ದೇಶದೊಳಗೆ ಮಾತ್ರ ನಡೆಯುತ್ತದೆ, ಹಾಗಾಗಿ ಹೊರದೇಶದಲ್ಲಿರುವವರು ಊರಿನ ನೆಂಟರ ವಿಳಾಸ ಕೊಟ್ಟು, ಕಾಗದವನ್ನೂ ಅವರಿಂದಲೇ ಅಂಚೆಗೆ ಹಾಕಿಸಬೇಕು.