ಪ್ರೊಪೇನ್ ಸಿಲಿಂಡರ್ ನಾನೇ ಹೊತ್ತು ತರಲು ಶುರು ಮಾಡಿದ ಮೇಲೆ

ನಾವಿರುವುದು ಅಮೆರಿಕದ ಮಿಶಿಗನ್ ರಾಜ್ಯದ ಉತ್ತರ ಭಾಗದಲ್ಲಿ, ಪೇಟೆಯಿಂದ ಸಾಕಷ್ಟು ದೂರ. ಇಲ್ಲಿ ರಸ್ತೆಯಡಿ ಗ್ಯಾಸ್ ಪೈಪ್ ಇಲ್ಲ. ಹಾಗಾಗಿ ಪ್ರೊಪೇನೇ ಗತಿ. ಮನೆಗಳಲ್ಲಿ ಪ್ರೊಪೇನ್ ಸುಡುವುದರಲ್ಲಿ ಇಡೀ ದೇಶಕ್ಕೇ ಈ ರಾಜ್ಯ ಮುಂದು. ಅಂಗಳದಲ್ಲಿ ಬಿಳಿ ಟ್ಯಾಂಕ್ ಕಾಣದ ಮನೆ ನಮ್ಮ ರಸ್ತೆಯಲ್ಲಿ ಹುಡುಕಬೇಕು.

ಆ ಟ್ಯಾಂಕ್ ಹೆಚ್ಚಿನವರ ಸ್ವಂತದ್ದಲ್ಲ, ಗ್ಯಾಸ್ ಕಂಪನಿಯದ್ದು. ಲೀಸ್ ಮೇಲೆ ಇಟ್ಟಿರುತ್ತಾರೆ. ಕಂಪನಿಯ ಟ್ಯಾಂಕಿಗೆ ಆ ಕಂಪನಿಯೇ ಗ್ಯಾಸ್ ತುಂಬಬೇಕು. ಬೇರೆಯವರು ಕಡಿಮೆಗೆ ಕೊಡುತ್ತೇವೆ ಅಂದರೂ ನಾವು ತುಂಬಿಸಿಕೊಳ್ಳುವಂತಿಲ್ಲ. ಇನ್ನೊಂದು ವಿಷಯ, ದರ ಎಲ್ಲರಿಗೂ ಒಂದೇ ಅಲ್ಲ. ವರ್ಷಕ್ಕೆ ಸಾವಿರ ಗ್ಯಾಲನ್ (ಒಂದು ಗ್ಯಾಲನ್ ಅಂದರೆ ಸುಮಾರು 3.8 ಲೀಟರ್) ಸುಡುವವರಿಗೆ ಒಂದು ದರ, ಇನ್ನೂರು ಗ್ಯಾಲನ್ ಸುಡುವವರಿಗೆ ಇನ್ನೊಂದು. ಕಡಿಮೆ ಬಳಸಿದಷ್ಟೂ ಗ್ಯಾಲನ್ ದುಬಾರಿ. ಅದರ ಮೇಲೆ ಟ್ಯಾಂಕ್ ಬಾಡಿಗೆ, ಡೆಲಿವರಿ ಚಾರ್ಜು, ಕನಿಷ್ಠ ಬಳಕೆ ಆಗದಿದ್ದರೆ ಅದಕ್ಕೊಂದು ದಂಡ. ಲಾರಿ ಬಂದು ಹೋಗುವ ಖರ್ಚು ಅವರಿಗೂ ಇದೆ, ಒಪ್ಪೋಣ. ಆದರೆ ಅದು ನನ್ನಂಥ ಸಣ್ಣ ಗಿರಾಕಿಯ ಬಿಲ್ಲಿನಲ್ಲೇ ಜಾಸ್ತಿ ಎದ್ದು ಕಾಣುತ್ತದೆ.

ನಮ್ಮ ಮನೆ ಬೆಚ್ಚಗಿಡುವುದು ಕರೆಂಟಿನಲ್ಲಿ ನಡೆಯುವ ಹೀಟ್ ಪಂಪ್ ಮತ್ತು ಸೌದೆ ಒಲೆ. ಪ್ರೊಪೇನ್ ಬೇಕಿರುವುದು ಅಡುಗೆಗೆ, ಸ್ನಾನದ ಬಿಸಿನೀರಿಗೆ, ವಿಪರೀತ ಚಳಿ ಬಿದ್ದಾಗ ಒಂದು ಸಣ್ಣ ಗೋಡೆ ಹೀಟರ್‌ಗೆ. ವರ್ಷಕ್ಕೆ ಸುಮಾರು 200 ಗ್ಯಾಲನ್. ಕಂಪನಿಯ ದರ ಗ್ಯಾಲನ್ನಿಗೆ 3.80 ಡಾಲರ್ ಇದ್ದಾಗ ಗ್ಯಾಸಿಗೇ 760 ಆಗುತ್ತಿತ್ತು. ಬಾಡಿಗೆ, ಚಾರ್ಜು ಎಲ್ಲ ಸೇರಿ 900 ದಾಟುತ್ತಿತ್ತು. ಅದೇ ಸಮಯದಲ್ಲಿ ಪೇಟೆಯಲ್ಲಿ ಸಿಲಿಂಡರ್ ತಂದವರಿಗೆ ತುಂಬಿಕೊಡುವ ದರ 2.60. ಆ ಲೆಕ್ಕದಲ್ಲಿ 520 ಡಾಲರ್, ಜೊತೆಗೆ ಗಾಡಿಯ ಪೆಟ್ರೋಲ್ ಒಂದಿಷ್ಟು. ಹೇಗಿದ್ದರೂ ಸಾಮಾನು ತರಲು ಪೇಟೆಗೆ ಹೋಗುವವನು ನಾನು, ಆದ್ದರಿಂದ ಪೆಟ್ರೋಲ್ ಖರ್ಚನ್ನು ಪೂರ್ತಿ ಇದರ ತಲೆಗೇ ಕಟ್ಟಬೇಕಿಲ್ಲ.

ಮುಂದೆ ಓದುವ ಮೊದಲು ಒಂದು ಮಾತು. ಇಡೀ ಮನೆಯನ್ನು ಪ್ರೊಪೇನ್ ಫರ್ನೇಸಿನಿಂದ ಬಿಸಿ ಮಾಡುವವರಿಗೆ ಈ ದಾರಿ ಆಗಿಬರುವುದಿಲ್ಲ. ಒಂದು ಗ್ಯಾಲನ್ ಪ್ರೊಪೇನಿನಲ್ಲಿ 91,500 ಬಿಟಿಯು ಶಾಖ ಇದೆ. ಗಂಟೆಗೆ 60,000 ಬಿಟಿಯು ಸುಡುವ ಫರ್ನೇಸ್ ಇದ್ದರೆ, 100 ಪೌಂಡಿನ ದೊಡ್ಡ ಸಿಲಿಂಡರ್ ಕೂಡ 36 ಗಂಟೆ ಉರಿಯಷ್ಟೇ ಕೊಡುತ್ತದೆ. ಜನವರಿಯಲ್ಲಿ ಅದು ಮೂರ್ನಾಲ್ಕು ದಿನದ ಮಾತು. ಅಂಥವರು ಸ್ವಂತ ದೊಡ್ಡ ಟ್ಯಾಂಕ್ ಕೊಂಡು, ಬೇಸಿಗೆಯಲ್ಲಿ ನಾಲ್ಕು ಕಂಪನಿಗೆ ಫೋನ್ ಮಾಡಿ, ಕಡಿಮೆ ಹೇಳಿದವರಿಂದ ತುಂಬಿಸಿಕೊಳ್ಳುವುದು ವಾಸಿ.

ಹಾಗಂತ ಆ ಅಂಗಳದ ಟ್ಯಾಂಕನ್ನೇ ಟ್ರೇಲರ್ ಮೇಲೆ ಎತ್ತಿಟ್ಟು ತುಂಬಿಸಿಕೊಂಡು ಬರುವ ಯೋಚನೆ ಬೇಡ. ಅದು ಒಂದು ಕಡೆ ನಿಂತು ಕೆಲಸ ಮಾಡಲು ಮಾಡಿದ ಟ್ಯಾಂಕ್. ತುಂಬಿದ ಸ್ಥಿತಿಯಲ್ಲಿ ರಸ್ತೆಯ ಮೇಲೆ ಸಾಗಿಸಲು ಅದಕ್ಕೆ ಅನುಮತಿ ಇಲ್ಲ. ಸಾಗಿಸಬಹುದಾದದ್ದು ಸಾರಿಗೆ ಇಲಾಖೆಯ ಗುರುತು, ಅಂದರೆ ಡಾಟ್ ಮುದ್ರೆ ಇರುವ ಸಿಲಿಂಡರ್ ಮಾತ್ರ. 20 ಪೌಂಡಿನದು ಬಾರ್ಬೆಕ್ಯೂ ಒಲೆಗೆ ಎಲ್ಲರೂ ಬಳಸುವಂಥದ್ದು. ಅದರ ಮೇಲೆ 30, 40, ಆಮೇಲೆ 100. ಈ ಪೌಂಡು ಗ್ಯಾಸಿನ ತೂಕ, ಸಿಲಿಂಡರಿನದಲ್ಲ. 100 ಪೌಂಡಿನದರಲ್ಲಿ 23.6 ಗ್ಯಾಲನ್ ಹಿಡಿಯುತ್ತದೆ. ನಮ್ಮ ಊರ ಕಡೆಯ 14.2 ಕೆಜಿ ಸಿಲಿಂಡರಿನ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಅನ್ನಿ. ಒಳಗಿನ ಗ್ಯಾಸ್ ಮಾತ್ರ ಬೇರೆ. ಊರಲ್ಲಿ ಬ್ಯೂಟೇನ್ ಬೆರೆತ ಗ್ಯಾಸ್ ನಡೆಯುತ್ತದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಪ್ರೊಪೇನ್ ಮೈನಸ್ 42 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯುತ್ತದೆ. ಅದಕ್ಕೇ ಇಲ್ಲಿ ಅದನ್ನು ಹೊರಗಿಟ್ಟು ಬಳಸಲು ಆಗುವುದು.

ಅಂಗಡಿಯ ಮುಂದೆ ಪಂಜರದಲ್ಲಿಟ್ಟು ಖಾಲಿಗೆ ತುಂಬಿದ್ದು ಬದಲಿಸಿ ಕೊಡುತ್ತಾರಲ್ಲ, ಅದನ್ನು ಈ ಲೆಕ್ಕಕ್ಕೇ ತರಬೇಡಿ. 20 ಪೌಂಡಿನ ಸಿಲಿಂಡರಿನಲ್ಲಿ ಅವರು ಹಾಕುವುದು ಸಾಮಾನ್ಯವಾಗಿ 15 ಪೌಂಡ್. 22 ಡಾಲರ್ ಕೊಟ್ಟರೆ ಗ್ಯಾಲನ್ನಿಗೆ 6 ಡಾಲರ್ ದಾಟಿತು! ಉಳಿತಾಯ ಇರುವುದು ನಿಮ್ಮದೇ ಸಿಲಿಂಡರನ್ನು ನಿಮ್ಮ ಕಣ್ಣೆದುರು ತುಂಬಿಸುವುದರಲ್ಲಿ. ಅಲ್ಲೂ ಒಂದು ವ್ಯತ್ಯಾಸ ಕೇಳಿಕೊಳ್ಳಿ. ಕೆಲವು ಕಡೆ ಗ್ಯಾಲನ್ ಲೆಕ್ಕ, ಕೆಲವು ಕಡೆ ಸಿಲಿಂಡರಿಗೆ ಇಷ್ಟು ಅಂತ ಒಂದೇ ರೇಟು. ಒಂದೇ ರೇಟಿನವರ ಹತ್ತಿರ ಅರ್ಧ ತುಂಬಿದ್ದನ್ನು ತೆಗೆದುಕೊಂಡು ಹೋದರೆ ದುಡ್ಡು ಹೋಯಿತು.

ನಾನು ಎರಡು 100 ಪೌಂಡಿನ ಹೊಸ ಸಿಲಿಂಡರ್ ಕೊಂಡೆ. ಅವೆರಡರ ನಡುವೆ ಆಟೋಮ್ಯಾಟಿಕ್ ಚೇಂಜ್‌ಓವರ್ ರೆಗ್ಯುಲೇಟರ್. ಒಂದು ಖಾಲಿಯಾದರೆ ತಾನಾಗಿ ಇನ್ನೊಂದಕ್ಕೆ ಬದಲಾಗಿ, ಸಣ್ಣ ಕಿಟಕಿಯಲ್ಲಿ ಕೆಂಪು ಬಣ್ಣ ತೋರಿಸುತ್ತದೆ. ಮನೆಯ ಪೈಪಿಗೆ ಜೋಡಿಸುವ ಕೆಲಸ ಲೈಸೆನ್ಸ್ ಇದ್ದವರಿಂದ ಮಾಡಿಸಿದೆ. ಅವರು ಪೈಪ್ ಪೂರ್ತಿ ಲೀಕ್ ಟೆಸ್ಟ್ ಮಾಡಿ ಕೊಟ್ಟರು. ಇಲ್ಲಿ ಜಿಪುಣತನ ಮಾಡಬೇಡಿ. ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ಮೇಲಕ್ಕೆ ಹಾರಿ ಹೋಗದೆ ನೆಲಮಾಳಿಗೆಗೆ ಇಳಿದು ಕೂರುತ್ತದೆ. ಸಿಲಿಂಡರ್ ಎಲ್ಲಿ ನಿಲ್ಲಬೇಕು, ಕಿಟಕಿ ಬಾಗಿಲಿನಿಂದ ಎಷ್ಟು ದೂರ ಎಂಬುದಕ್ಕೂ ನಿಯಮ ಇದೆ. ಮನೆಯ ವಿಮೆಯವರಿಗೂ ಒಂದು ಫೋನ್ ಮಾಡಿ ತಿಳಿಸಿದೆ. ಎಲ್ಲ ಸೇರಿ ಖರ್ಚು ಸುಮಾರು 600 ಡಾಲರ್. ಎರಡು ವರ್ಷದೊಳಗೆ ವಾಪಸ್ ಬಂತು.

ಹಳೆಯ ಟ್ಯಾಂಕ್ ವಾಪಸ್ ಕೊಡುವ ಮೊದಲು ಲೀಸಿನ ಕಾಗದ ಓದಿ. ಟ್ಯಾಂಕ್ ಎತ್ತಿಕೊಂಡು ಹೋಗಲು ಚಾರ್ಜು ಎಷ್ಟು, ಒಳಗೆ ಉಳಿದ ಗ್ಯಾಸಿಗೆ ದುಡ್ಡು ವಾಪಸ್ ಬರುತ್ತದಾ ಎಂಬುದು ಅದರಲ್ಲೇ ಇರುತ್ತದೆ. ಟ್ಯಾಂಕ್ ಆದಷ್ಟು ಖಾಲಿಯಾದ ಮೇಲೆ ಕರೆಯುವುದು ಒಳ್ಳೆಯದು.

ಇನ್ನು ಸಾಗಿಸುವ ಮಾತು. ನಿಜವಾದ ಕೆಲಸ ಇರುವುದೇ ಇಲ್ಲಿ. 100 ಪೌಂಡಿನ ಖಾಲಿ ಸಿಲಿಂಡರೇ 70 ಪೌಂಡಿನ ಹತ್ತಿರ. ತುಂಬಿದಾಗ 170. ಅಂದರೆ ಸುಮಾರು 77 ಕೆಜಿ, ಒಬ್ಬ ಆಳಿನ ತೂಕ. ಕೈಯಲ್ಲಿ ಎತ್ತುವ ಮಾತೇ ಇಲ್ಲ. ಕೈಗಾಡಿ ಬೇಕು, ಅದಕ್ಕೆ ಬೆಲ್ಟ್ ಬೇಕು. ಸ್ವಲ್ಪ ದೂರಕ್ಕಾದರೆ ಸ್ವಲ್ಪ ಓರೆ ಮಾಡಿ, ಕೆಳಗಿನ ಬಳೆಯ ಮೇಲೆ ಉರುಳಿಸುತ್ತಾ ಹೋಗಬಹುದು. ಎತ್ತರದ ಪಿಕಪ್ ಟ್ರಕ್ಕಿಗಿಂತ ತಗ್ಗಿನ ಟ್ರೇಲರ್ ಎಷ್ಟೋ ಮೇಲು. ಟ್ರೇಲರಿನ ಮುಂಭಾಗಕ್ಕೆ ನೆಟ್ಟಗೆ ನಿಲ್ಲಿಸಿ, ಎರಡು ಕಡೆ ಪಟ್ಟಿ ಬಿಗಿಯುತ್ತೇನೆ. ಮಲಗಿಸಿ ಸಾಗಿಸಬಾರದು. ಸಿಲಿಂಡರಿನ ಒತ್ತಡ ಏರಿದರೆ ಬಿಡುಗಡೆ ಮಾಡುವ ರಿಲೀಫ್ ವಾಲ್ವ್ ಆವಿಯ ಭಾಗದಲ್ಲೇ ಇರಬೇಕು. ಮಲಗಿಸಿದರೆ ಅಲ್ಲಿಗೆ ದ್ರವ ಬರುತ್ತದೆ. ಒಂದು ಪಾಲು ದ್ರವ ಹೊರಬಿದ್ದರೆ ಸುಮಾರು 270 ಪಾಲು ಆವಿಯಾಗುತ್ತದೆ. ವಾಲ್ವ್ ಕ್ಯಾಪ್ ಹಾಕದೆ ಹೊರಡುವುದಿಲ್ಲ, ಖಾಲಿ ಸಿಲಿಂಡರ್ ಆದರೂ ಅಷ್ಟೇ. ಖಾಲಿ ಅಂದರೆ ಪೂರ್ತಿ ಖಾಲಿ ಅಲ್ಲ, ಒಳಗೆ ಆವಿ ಇದ್ದೇ ಇರುತ್ತದೆ.

ಕಾರು ಮಾತ್ರ ಇರುವವರು 100 ಪೌಂಡಿನದನ್ನು ಮರೆತುಬಿಡಿ. ಪ್ರೊಪೇನಿನ ಸುರಕ್ಷತಾ ನಿಯಮ ಎನ್‌ಎಫ್‌ಪಿಎ 58ರ ಪ್ರಕಾರ, ಮುಚ್ಚಿದ ಪ್ರಯಾಣಿಕರ ವಾಹನದಲ್ಲಿ ಒಂದೊಂದು ಸಿಲಿಂಡರ್ 45 ಪೌಂಡ್ ದಾಟಬಾರದು, ಒಟ್ಟು 90 ಪೌಂಡ್ ದಾಟಬಾರದು. ಅಂದರೆ 40 ಪೌಂಡಿನವು ಎರಡು ಸಾಗಿಸಬಹುದು. ಕಿಟಕಿ ತೆರೆದಿಡಿ. ತುಂಬಿಸಿಕೊಂಡ ಮೇಲೆ ಸೀದಾ ಮನೆಗೆ. ಬಿಸಿಲಲ್ಲಿ ಕಾರು ನಿಲ್ಲಿಸಿ ತರಕಾರಿಗೆ ಹೋಗುವುದು ಬೇಡ.

ತುಂಬಿಸುವಾಗ ನಾನು ಹತ್ತಿರವೇ ನಿಲ್ಲುತ್ತೇನೆ. ಶೇಕಡ 80ಕ್ಕಿಂತ ಜಾಸ್ತಿ ತುಂಬಬಾರದು, ಬಿಸಿಯಾದಾಗ ದ್ರವ ಹಿಗ್ಗಲು ಜಾಗ ಬೇಕು. ಸಣ್ಣ ಸಿಲಿಂಡರಿನಲ್ಲಿ ಇದನ್ನು ತಡೆಯುವ ವಾಲ್ವ್ ಒಳಗೇ ಇದೆ. 100 ಪೌಂಡಿನದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ತುಂಬುವವರು ಸಣ್ಣ ಸ್ಕ್ರೂ ಸಡಿಲಿಸಿ, ಬಿಳಿ ಮಂಜಿನಂತೆ ದ್ರವ ಚಿಮ್ಮಿದ ಕೂಡಲೇ ನಿಲ್ಲಿಸಬೇಕು. ಇಲ್ಲವೇ ತೂಕದ ಲೆಕ್ಕ. ಆ ಲೆಕ್ಕ ನೀವೂ ಮಾಡಬಹುದು. ಕಾಲರಿನ ಮೇಲೆ ಟಿಡಬ್ಲ್ಯೂ ಅಂತ ಖಾಲಿ ತೂಕ ಇರುತ್ತದೆ. ಡಬ್ಲ್ಯೂಸಿ ಅಂತ ಎಷ್ಟು ನೀರು ಹಿಡಿಯುತ್ತದೆ ಎಂಬುದು ಇರುತ್ತದೆ. ಡಬ್ಲ್ಯೂಸಿಯನ್ನು 0.42ರಿಂದ ಗುಣಿಸಿದರೆ ಹಾಕಬಹುದಾದ ಗ್ಯಾಸಿನ ತೂಕ. ಅಲ್ಲೇ ತಯಾರಾದ ತಿಂಗಳು, ವರ್ಷವೂ ಕೊರೆದಿರುತ್ತದೆ. 12 ವರ್ಷ ದಾಟಿದ್ದರೆ ಮರುಪರೀಕ್ಷೆ ಆಗದೆ ತುಂಬಿಕೊಡುವುದಿಲ್ಲ. ಯಾರೋ ಅಂಗಳದಲ್ಲಿ ಹಳೆ ಸಾಮಾನು ಮಾರುವಾಗ ಅಗ್ಗಕ್ಕೆ ಕೊಡುತ್ತಾರೆ ಅಂತ ತರುವ ಮೊದಲು ಆ ತಾರೀಕು ನೋಡಿ.

ಮನೆಗೆ ತಂದು ಜೋಡಿಸುವಾಗ ಹೊಸಬರಿಗೆ ಗೊಂದಲ ಆಗುವುದು ತಿರುಪಿನ ಮರೆಯ, ಅಂದರೆ ಥ್ರೆಡ್ಡಿನ ವಿಷಯದಲ್ಲಿ. ದೊಡ್ಡ ಸಿಲಿಂಡರಿನ ವಾಲ್ವಿಗೆ ಪೈಪ್ ಸೇರುವ ಪಿಒಎಲ್ ಎಂಬ ಜೋಡಣೆಗೆ ಎಡಮರೆ. ಬಿಗಿಯಲು ಎಡಕ್ಕೆ ತಿರುಗಿಸಬೇಕು. ಬಿಗಿದು, ವಾಲ್ವ್ ನಿಧಾನವಾಗಿ ತೆರೆದು, ಪ್ರತಿ ಸಲವೂ ಸೋಪಿನ ನೀರು ಹಚ್ಚಿ ಗುಳ್ಳೆ ನೋಡುತ್ತೇನೆ. ಒಂದು ನಿಮಿಷದ ಕೆಲಸ.

ಚಳಿಗಾಲದಲ್ಲಿ ರೆಗ್ಯುಲೇಟರ್ ತೋರಿಸುವ ಆ ಕೆಂಪು ಬಣ್ಣವನ್ನು ಪೂರ್ತಿ ನಂಬಬೇಡಿ. ದ್ರವ ಆವಿಯಾಗಲು ಶಾಖ ಬೇಕು. ಅದು ಬರುವುದು ಹೊರಗಿನ ಗಾಳಿಯಿಂದ, ಸಿಲಿಂಡರಿನ ಗೋಡೆಯ ಮೂಲಕ. ದ್ರವ ಕಡಿಮೆಯಾದಂತೆ ಅದು ತಾಗುವ ಗೋಡೆಯೂ ಕಡಿಮೆ. ಮೈನಸ್ 20ರ ರಾತ್ರಿ ವಾಟರ್ ಹೀಟರ್, ಗೋಡೆ ಹೀಟರ್ ಎರಡೂ ಒಟ್ಟಿಗೆ ಉರಿದರೆ, ಕಾಲು ಭಾಗ ಉಳಿದ ಸಿಲಿಂಡರಿಗೆ ಅಷ್ಟು ಆವಿ ಕೊಡಲು ಆಗುವುದಿಲ್ಲ. ಒತ್ತಡ ಇಳಿಯುತ್ತದೆ, ರೆಗ್ಯುಲೇಟರ್ ಖಾಲಿಯೆಂದು ತಿಳಿದು ಇನ್ನೊಂದರಿಂದ ಎಳೆಯುತ್ತದೆ. ಗ್ಯಾಸ್ ಇನ್ನೂ ಒಳಗೇ ಇರುತ್ತದೆ. ಆದ್ದರಿಂದ ಬಿಚ್ಚುವ ಮೊದಲು ಸ್ವಲ್ಪ ಅಲುಗಾಡಿಸಿ ನೋಡುತ್ತೇನೆ. ಭಾರ ಇದ್ದರೆ ಅಲ್ಲೇ ಬಿಡುತ್ತೇನೆ. ಸಿಲಿಂಡರಿಗೆ ಬೆಂಕಿಯ ಕಾವು ಕೊಡುವ ಸಾಹಸ ಮಾತ್ರ ಯಾರೂ ಮಾಡಬಾರದು.

ಹೊತ್ತು ತಂದರೆ ದರದ ಏರಿಳಿತದಿಂದ ಪಾರಾಗುತ್ತೇವೆ ಅಂದುಕೊಳ್ಳಬೇಡಿ. 2013ರಲ್ಲಿ ಮೆಕ್ಕೆಜೋಳ ಒದ್ದೆಯಾಗಿ ಕಟಾವಿಗೆ ಬಂತು, ಒಣಗಿಸಲು ವಿಪರೀತ ಪ್ರೊಪೇನ್ ಸುಟ್ಟರು. ಹಿಂದೆಯೇ ಭಾರಿ ಚಳಿ ಬಂತು. 2014ರ ಜನವರಿ ಕೊನೆಗೆ ಮನೆ ಪ್ರೊಪೇನಿನ ಸರಾಸರಿ ದರ ದೇಶದಾದ್ಯಂತ 4 ಡಾಲರ್ ಮುಟ್ಟಿತ್ತು. ಅಂಥ ಸಮಯದಲ್ಲಿ ಪೇಟೆಯ ಪಂಪಿನಲ್ಲೂ ಬೆಲೆ ಏರುತ್ತದೆ. ನಾನು ಮಾಡುವುದಿಷ್ಟೇ, ಅಕ್ಟೋಬರ್ ಒಳಗೆ ಎರಡೂ ಸಿಲಿಂಡರ್ ತುಂಬಿಸಿಟ್ಟುಕೊಳ್ಳುತ್ತೇನೆ.

ಸೊಂಟ ಗಟ್ಟಿ ಇಲ್ಲದವರಿಗೆ, ಮೆಟ್ಟಿಲು ಹತ್ತಿಸಬೇಕಾದ ಮನೆಯವರಿಗೆ ನಾನು ಹೇಳುವುದು 40 ಪೌಂಡಿನದನ್ನೇ. ತುಂಬಿದರೂ 70 ಪೌಂಡಿನ ಆಸುಪಾಸು, 9.4 ಗ್ಯಾಲನ್ ಹಿಡಿಯುತ್ತದೆ. ಓಡಾಟ ಜಾಸ್ತಿ ಆಗುತ್ತದೆ, ಗ್ಯಾಲನ್ ದರ ಮಾತ್ರ ಅದೇ. ಬರುವ ವರ್ಷ ನಾನೂ ಅದಕ್ಕೇ ಬದಲಾಗುವ ಯೋಚನೆಯಲ್ಲಿದ್ದೇನೆ.