ಒಂದೇ ಕೈಯಲ್ಲಿ ಬಿಳಿ, ಕಪ್ಪು ಎರಡೂ

ಆಕೆಗೆ ಹತ್ತು ವರ್ಷದಿಂದ ಟೈಪ್ 1 ಡಯಾಬಿಟಿಸ್. ಬೆರಳಿನ ಗೆಣ್ಣುಗಳ ಮೇಲೆ ತೊನ್ನು ಇತ್ತು. ಆವತ್ತು ಸುಸ್ತು ಅಂತ ಬಂದಿದ್ದರು. ಥೈರಾಯ್ಡ್ ಸೋತಾಗ ಏರುವ ಟಿಎಸ್‌ಎಚ್ 14 ಬಂತು, ಜಾಸ್ತಿಯೇ. ಸುಸ್ತಿಗೆ ಕಾರಣ ಸಿಕ್ಕಿತಲ್ವಾ? ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಥೈರಾಕ್ಸಿನ್ 50 ಮೈಕ್ರೊಗ್ರಾಂ ಬರೆದು ಕಳಿಸಿಬಿಟ್ಟೆ. ಎಡವಿದ್ದು ಅಲ್ಲೇ.

ಮೂರು ವಾರಕ್ಕೆ ಯಜಮಾನರ ಭುಜ ಹಿಡಿದುಕೊಂಡು ಬಂದರು. ವಾಂತಿ, ಎದ್ದು ನಿಂತರೆ ಕಣ್ಣು ಕತ್ತಲೆ. "ಬೆಳಗಿನ ಜಾವ ಶುಗರ್ 50ಕ್ಕೆ ಇಳೀತದೆ ಡಾಕ್ಟ್ರೇ. ಇನ್ಸುಲಿನ್ ಎರಡು ಸಲ ಕಮ್ಮಿ ಮಾಡಿದ್ವಿ" ಅಂದರು ಯಜಮಾನರು. ಥೈರಾಕ್ಸಿನ್ ಶುರುವಾದ ಮೇಲೆ ಇನ್ಸುಲಿನ್ ಜಾಸ್ತಿ ಬೇಕಾಗಬಹುದು, ಇದು ಉಲ್ಟಾ. ಆಗ ಕೈ ತಿರುಗಿಸಿ ನೋಡಿದೆ. ಮೇಲೆ ಬಿಳಿ ಮಚ್ಚೆ, ಅಂಗೈಯ ಗೆರೆಗಳಲ್ಲಿ ಮಾತ್ರ ಕಾಡಿಗೆ ಎಳೆದ ಹಾಗೆ ಕಪ್ಪು. ವಸಡೂ ಕಪ್ಪು. ಬಿಸಿಲಿಗೆ ಆಗಿರಬೇಕು ಅಂದರು. ಬಿಸಿಲು ವಸಡಿಗೆ ಎಲ್ಲಿ ಬೀಳುತ್ತದೆ? ಉಪ್ಪು ಹೇಗೆ ತಿಂತೀರಿ ಅಂದೆ. "ಉಪ್ಪಿನಕಾಯಿ ಬಾಟ್ಲಿ ವಾರಕ್ಕೆ ಖಾಲಿ" ಎಂದು ನಾಚಿಕೊಂಡರು.

ಕೂತಾಗ 100 ಇದ್ದ ಬಿಪಿ ನಿಂತಾಗ 78. ಸೋಡಿಯಂ 126ಕ್ಕೆ ಇಳಿದಿತ್ತು, ಪೊಟ್ಯಾಸಿಯಂ 5.8ಕ್ಕೆ ಏರಿತ್ತು. ಉಪ್ಪಿನ ಆಸೆಯೂ ಸೇರಿ ಇದೆಲ್ಲ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ಸೋತ ಲಕ್ಷಣ. ಆ ಗ್ರಂಥಿಯ ಹಾರ್ಮೋನ್ ಕಾರ್ಟಿಸಾಲ್ ಎಷ್ಟಿದೆ ನೋಡಲು ರಕ್ತ ತೆಗೆದಿಟ್ಟು, ರಿಪೋರ್ಟಿಗೆ ಕಾಯದೆ ಸಲೈನ್ ಜೊತೆ ಅದರ ಬದಲಿ ಸ್ಟಿರಾಯ್ಡ್ ಹೈಡ್ರೊಕಾರ್ಟಿಸೋನ್ 100 ಮಿಗ್ರಾಂ ಕೊಟ್ಟೆ. ಸಂಜೆಗೆ ಎದ್ದು ಕೂತು ಕಾಫಿ ಕೇಳಿದರು. ಆಮೇಲೆ ಬಂದ ರಿಪೋರ್ಟಿನಲ್ಲಿ ಕಾರ್ಟಿಸಾಲ್ ಬರೀ 2, ಅಡ್ರಿನಲ್‌ಗೆ ಕೆಲಸ ಮಾಡು ಎನ್ನುವ ಎಸಿಟಿಎಚ್ ವಿಪರೀತ. ಅಂಗೈ, ವಸಡು ಕಪ್ಪಾಗಿದ್ದೂ ಅದರಿಂದಲೇ. ನಮ್ಮಲ್ಲಿ ಅಡ್ರಿನಲ್ ಕೆಡಿಸುವುದರಲ್ಲಿ ಟಿಬಿಯದ್ದೂ ಪಾಲಿದೆ, ಅದಕ್ಕೆ ಸಿಟಿ ಮಾಡಿಸಿದೆ. ಗ್ರಂಥಿಗಳು ಸಣ್ಣಗಿದ್ದವು. ಟಿಬಿಯ ಗುರುತಿರಲಿಲ್ಲ. ತೊನ್ನು, ಟೈಪ್ 1 ಡಯಾಬಿಟಿಸ್‌ನ ಹಾಗೆ ಇಲ್ಲೂ ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಅಂಗದ ಮೇಲೆ ದಾಳಿ ಮಾಡಿತ್ತು.

ಥೈರಾಯ್ಡ್ ಜೊತೆ ಅಡ್ರಿನಲ್ ಕೂಡ ಹಾಳಾಗುವುದನ್ನು ಶ್ಮಿಟ್ ಎಂಬ ವೈದ್ಯ 1926ರಲ್ಲೇ ಬರೆದಿದ್ದ. 1964ರಲ್ಲಿ ಕಾರ್ಪೆಂಟರ್ ಮತ್ತಿತರರು ಆ ಜೋಡಿಗೆ ಡಯಾಬಿಟಿಸ್ ಸೇರಿಸಿದರು. ಪರೀಕ್ಷೆಗೆ ಓದಿದ್ದೆ, ಎದುರಿಗೆ ಕೂತಾಗ ಹೊಳೆಯಲಿಲ್ಲ. ಥೈರಾಕ್ಸಿನ್ ಮೈಯಲ್ಲಿರುವ ಕಾರ್ಟಿಸಾಲನ್ನು ಬೇಗ ಖರ್ಚು ಮಾಡಿಸುತ್ತದೆ. ಆಕೆಗೆ ಉಳಿದಿದ್ದೇ ಚೂರು. ಮೊದಲು ಸ್ಟಿರಾಯ್ಡ್, ಆಮೇಲೆ ಥೈರಾಕ್ಸಿನ್ ಆಗಬೇಕಿತ್ತು.

ಥೈರಾಕ್ಸಿನ್ ನಿಲ್ಲಿಸಿದೆ. ಹೈಡ್ರೊಕಾರ್ಟಿಸೋನ್ ದಿನಕ್ಕೆ ಮೂರು ಸಲ 10, 5, 5 ಮಿಗ್ರಾಂ, ಜೊತೆಗೆ ಮೈಯಲ್ಲಿ ಉಪ್ಪು ಹಿಡಿದಿಡುವ ಫ್ಲುಡ್ರೊಕಾರ್ಟಿಸೋನ್ 0.1. ಕಾರ್ಟಿಸಾಲ್ ಕೊರತೆಯೇ ಟಿಎಸ್‌ಎಚ್ ಏರಿಸಬಲ್ಲದು, ಹಾಗಾಗಿ ಎರಡು ತಿಂಗಳು ಬಿಟ್ಟು ನೋಡಿದೆ. ಆಗಲೂ 11, ಥೈರಾಯ್ಡ್ ವಿರುದ್ಧದ ಆಂಟಿಬಾಡಿ ಪಾಸಿಟಿವ್. 25ರಿಂದ ಮತ್ತೆ ಶುರುಮಾಡಿದೆ. ಇನ್ಸುಲಿನ್ ಏರಿಸಬೇಕಾಯಿತು. ಇಂಥದೇ ದಾಳಿಯಿಂದ ಬರಬಹುದಾದ ಬಿ12 ಕೊರತೆ, ಸೀಲಿಯಾಕ್ (ಗೋಧಿ ಒಗ್ಗದ ಕರುಳಿನ ಕಾಯಿಲೆ) ಪರೀಕ್ಷೆಯಲ್ಲಿ ಸದ್ಯ ಏನೂ ಇಲ್ಲ.

ಕಷ್ಟವಾಗಿದ್ದು ಜ್ವರದ ದಿನದ ಲೆಕ್ಕ. ಆಗ ಮೈಗೆ ಕಾರ್ಟಿಸಾಲ್ ಜಾಸ್ತಿ ಬೇಕು. ಸ್ಟಿರಾಯ್ಡ್ ಅಂದರೆ ಮನೆಯವರಿಗೆಲ್ಲ ಭಯ, ಸುಮ್ನೆ ನಿಲ್ಲಿಸಿಬಿಡುತ್ತಾರೆ. ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ: "ಜ್ವರ ಬಂದರೆ ಮಾತ್ರೆ ಡಬಲ್. ವಾಂತಿಯಾದರೆ ತಕ್ಷಣ ಇಂಜೆಕ್ಷನ್. ಯಾವತ್ತೂ ನಿಲ್ಲಿಸಬೇಡಿ." ಆಕೆ ಅದನ್ನು ಲ್ಯಾಮಿನೇಟ್ ಮಾಡಿಸಿ ಪರ್ಸಿನಲ್ಲಿಟ್ಟಿದ್ದಾರೆ. ಇನ್ನೊಂದು ಪ್ರತಿ ಫ್ರಿಜ್ ಬಾಗಿಲ ಮೇಲಿದೆಯಂತೆ.