ಅಜ್ಜಿ ಓಲೆಯ ಕೆಂಪು ಕಲ್ಲು ಅಸಲಿನಾ? ಮಾರೋ ಮುಂಚೆ ಮನೇಲೇ ಪಾರ್ಕಾವಣೆ ಮಾಡೋದು ಹೀಗೆ

ಮೂರು ವರ್ಷದ ಹಿಂದೆ ಮಂಡ್ಯದಲ್ಲಿರೋ ನಮ್ ದೊಡ್ಡಮ್ಮ ಕತ್ತಿಗೆ ಹಾಕೋ ಹಳೇ ಕಲ್ಲಿನ ಅಡ್ಡಿಕೆ ಅಂಗಡಿಗೆ ಕೊಟ್ಟು ಹೊಸ ಸರ ತಗೊಂಡ್ರು. ಅಂಗಡಿಯವ್ರು ಕಲ್ಲಿನ ತೂಕ ಅಂತ ಆರು ಗ್ರಾಂ ಕಳೆದು ಉಳಿದ ಚಿನ್ನಕ್ಕೆ ಮಾತ್ರ ರೇಟ್ ಹಾಕಿದ್ರು, ದೊಡ್ಡಮ್ಮ ತಲೆ ಆಡಿಸಿ ಬಂದ್ಬಿಟ್ರು. ಆ ಆರು ಗ್ರಾಂ ಅಂದ್ರೆ 30 ಕ್ಯಾರಟ್ ಕಲ್ಲು, ಅಷ್ಟೂ ಅಲ್ಲೇ ಉಳೀತು, ಅದರಲ್ಲಿ ಗಾಜೆಷ್ಟು ಮಾಣಿಕ್ಯ ಎಷ್ಟು ಅಂತ ಇನ್ನು ಯಾರಿಗೂ ಗೊತ್ತಾಗಲ್ಲ. ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ. ಹಳೇ ಒಡವೆ ಹಾಕೋವಾಗ ಕಲ್ಲಿಗೆ ಬೆಲೆ ಕಟ್ಟಿ, ಇಲ್ಲಾ ಕಲ್ಲು ಬಿಚ್ಚಿ ನಮ್ ಕೈಗೆ ಕೊಡಿ ಅಂತ ಕೇಳಬಹುದು, ಕೇಳಲೇಬೇಕು. ಆದ್ರೆ ಕೇಳೋ ಮುಂಚೆ ನಮ್ಮ ಹತ್ರ ಏನಿದೆ ಅಂತ ನಮಗೆ ಒಂದಿಷ್ಟಾದ್ರೂ ಗೊತ್ತಿರ್ಬೇಕಲ್ವಾ.

ಮೇಲುಕೋಟೆ ವೈರಮುಡಿ ನೋಡಿರ್ತೀರಿ, ಮಂಡ್ಯ ಖಜಾನೆಯಿಂದ ಕಿರೀಟ ಹೊರಟು ದಾರಿಯುದ್ದಕ್ಕೂ ಊರೂರಲ್ಲಿ ಪೂಜೆ ಆಗಿ ಬೆಟ್ಟ ಸೇರತ್ತೆ, ಸ್ವಾಮಿಗೆ ಮುಡಿಸೋ ಮುಂಚೆ ಒಡವೆಗಳ ಪಾರ್ಕಾವಣೆ, ಅಂದ್ರೆ ಪರಿಶೀಲನೆ, ಆಗತ್ತೆ. ದೇವರ ಒಡವೆಗೇ ಪಾರ್ಕಾವಣೆ ಇದೆ ಅಂದ್ಮೇಲೆ ನಮ್ಮ ಬೀರುವಲ್ಲಿರೋದಕ್ಕೆ ಯಾಕೆ ಬೇಡ? ಈ ಸಲ ಅಮ್ಮನ ಹತ್ರ ಇದ್ದ ಅಜ್ಜಿಯ ಕೆಂಪಿನ ಓಲೆ ಜೋಡಿ ಇಟ್ಕೊಂಡು ನಾನು ಒಂದೊಂದಾಗಿ ಮಾಡಿದ್ದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ತಿಳ್ಕೋಬೇಕಾದ್ದು, ಕೆಂಪಗಿರೋದೆಲ್ಲ ಮಾಣಿಕ್ಯ ಅಲ್ಲ. ಗಾಜು ಇರಬಹುದು, ಗಾರ್ನೆಟ್, ಸ್ಪಿನೆಲ್ ಅನ್ನೋ ಬೇರೆ ಜಾತಿ ಕಲ್ಲಿರಬಹುದು, ಫ್ಯಾಕ್ಟರಿಯಲ್ಲಿ ಬೆಳೆಸಿದ ಮಾಣಿಕ್ಯ ಇರಬಹುದು. ಬ್ರಿಟಿಷ್ ರಾಜಕಿರೀಟದ ಮುಂಭಾಗದಲ್ಲಿರೋ ಬ್ಲ್ಯಾಕ್ ಪ್ರಿನ್ಸ್ ರೂಬಿ ಅನ್ನೋ ದೊಡ್ಡ ಕೆಂಪು ಕಲ್ಲು ನಿಜಕ್ಕೂ ಸ್ಪಿನೆಲ್, ಅರಮನೆಯವ್ರೇ ಶತಮಾನಗಟ್ಟಲೆ ಅದನ್ನ ಮಾಣಿಕ್ಯ ಅಂತ ನಂಬಿದ್ರು ಅಂದ್ರೆ ನಾವು ಬರೀ ಕಣ್ಣಲ್ಲಿ ನೋಡಿ ಹೇಳೋದು ಸುಲಭ ಅಲ್ಲ.

ಶುರುವಲ್ಲಿ ಫೋಟೋ ತಗೊಳ್ಳಿ, ಮುಂದೆ ಹಿಂದೆ ಎರಡೂ ಕಡೆ, ಕಲ್ಲೆಷ್ಟಿದೆ ಎಣಿಸಿ ಬರೆದಿಟ್ಕೊಳ್ಳಿ. ತೊಳೆಯೋಕೆ ಆತುರ ಬೇಡ. ನಮ್ ಕಡೆ ಒಡವೆ ಅಂದ್ರೆ ಅಂಟುವಾಳದ ನೀರಲ್ಲಿ ನೆನೆಹಾಕೋದು ರೂಢಿ, ಹಿಂದೆ ತೆರೆದಿರೋ ಒಡವೆಗೆ ಅದು ಒಳ್ಳೇದೇ, ಆದ್ರೆ ಹಳೇ ಕುಂದಣದ ಕೆಲಸದಲ್ಲಿ ಕಲ್ಲಿನ ಹಿಂದೆ ಹೊಳೆಯೋ ತಗಡು ಇಟ್ಟು ಮುಚ್ಚಿರ್ತಾರೆ, ನೀರು ಒಳಗೆ ಹೋದ್ರೆ ತಗಡು ಕಪ್ಪಾಗಿ ಕಲ್ಲೇ ಸತ್ತ ಹಾಗೆ ಕಾಣತ್ತೆ. ಒದ್ದೆ ಮಾಡಿ ಹಿಂಡಿದ ಬಟ್ಟೇಲಿ ಒರೆಸಿದ್ರೆ ಸಾಕು. ಈ ತಗಡಿನಿಂದಾಗಿ ತೆಳು ಬಣ್ಣದ ಕಲ್ಲೂ ಕಡುಗೆಂಪಾಗಿ ಕಾಣತ್ತೆ ಅನ್ನೋದನ್ನೂ ನೆನಪಿಟ್ಕೊಳ್ಳಿ.

ಆಮೇಲೆ ಬೆಳಕು. ಒಡವೆ ಅಂಗಡಿ ಲೈಟಲ್ಲಿ ಎಲ್ಲಾ ಕೆಂಪೂ ಚಂದವೇ. ಬೆಳಗ್ಗೆ ಕಿಟಕಿ ಹತ್ರ, ನೇರ ಬಿಸಿಲು ಬೀಳದ ಕಡೆ, ಬಿಳೀ ಹಾಳೆ ಮೇಲಿಟ್ಟು ನೋಡಿ. ಕೊಳ್ಳೋವಾಗ್ಲೂ ಅಷ್ಟೇ, ಮೈಸೂರಿನ ಅಶೋಕ ರಸ್ತೆಲಿ ಕೊಂಡ್ರೂ ಎಲ್ಲೇ ಕೊಂಡ್ರೂ ಒಂದ್ಸಲ ಬಾಗಿಲ ಹತ್ರ ಹಗಲು ಬೆಳಕಿಗೆ ತಂದು ನೋಡ್ತೀನಿ ಅಂತ ಕೇಳೋಕೆ ಸಂಕೋಚ ಬೇಡ.

ಈಗ ಮುಖ್ಯವಾದ್ದು, ಲೆನ್ಸು. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸೋ ಪುಟ್ಟ ಭೂತಗನ್ನಡಿ ಆನ್‌ಲೈನಲ್ಲಿ ಸಿಗತ್ತೆ, ಒಡವೆ ಕೆಲಸದವ್ರು ಅದನ್ನ ಲೂಪ್ ಅಂತಾರೆ. ಅದನ್ನ ಕಣ್ಣಿಗೆ ತಾಗೋಷ್ಟು ಹತ್ರ ಇಟ್ಕೊಂಡು ಕಲ್ಲನ್ನ ಲೆನ್ಸ್ ಹತ್ರಕ್ಕೆ ತರಬೇಕು, ಟಾರ್ಚ್ ಬೆಳಕು ಪಕ್ಕದಿಂದ ಬೀಳಬೇಕು. ಮೊದಲ ಹತ್ತು ನಿಮಿಷ ಏನೂ ಕಾಣಲ್ಲ, ಬಿಡಬೇಡಿ. ನಾನು ಬಲಗಿವಿ ಓಲೆ ನೋಡ್ತಾ ಇದ್ದೆ, ಅಂಚಿನ ಹತ್ರ ತೆಳ್ಳಗೆ ಮಂಜು ಕಟ್ಟಿದ ಹಾಗಿತ್ತು, ಕೊಳೆ ಅಂದ್ಕೊಂಡು ಒರೆಸಿದ್ರೂ ಹೋಗ್ಲಿಲ್ಲ, ಟಾರ್ಚ್ ಸ್ವಲ್ಪ ಓರೆ ಮಾಡಿದ್ದೇ ತಡ ಆ ಮಂಜೆಲ್ಲ ಸಣ್ಣ ಸಣ್ಣ ಎಳೆಗಳಾಗಿ ಮಿಂಚ್ತು, ಎಳೆ ಮೇಲೆ ಎಳೆ, ಮೂರು ದಿಕ್ಕಿಗೆ, ಅರವತ್ತು ಡಿಗ್ರಿಗೆ ಒಂದನ್ನೊಂದು ದಾಟ್ಕೊಂಡು. ಇವು ರುಟೈಲ್ ಅನ್ನೋ ಖನಿಜದ ಸೂಜಿಗಳು, ವ್ಯಾಪಾರದಲ್ಲಿ ಇದಕ್ಕೆ ರೇಷ್ಮೆ ಅಂತಾನೇ ಹೆಸರು. ಭೂಮಿ ಒಳಗೆ ನಿಧಾನವಾಗಿ ಬೆಳೆದ ಕಲ್ಲಿನ ಗುರುತು ಇದು.

ಎಡಗಿವಿದು ತೀರಾ ಶುದ್ಧವಾಗಿತ್ತು, ಅದೇ ಅನುಮಾನ. ತಿರುಗಿಸಿ ತಿರುಗಿಸಿ ನೋಡಿದ್ಮೇಲೆ ಬಳೆ ಚೂರಿನ ಹಾಗೆ ಬಾಗಿರೋ ಗೆರೆಗಳು ಸಿಕ್ಕಿದ್ವು, ಪಕ್ಕದಲ್ಲಿ ಎರಡು ದುಂಡನೆ ಗಾಳಿಗುಳ್ಳೆ. ಪ್ರಕೃತಿಯ ಕೆಂಪಲ್ಲಿ ಬೆಳವಣಿಗೆ ಗೆರೆ ನೇರವಾಗಿರತ್ತೆ ಇಲ್ಲಾ ಕೋನಕ್ಕೆ ಮುರಿದಿರತ್ತೆ, ಹೀಗೆ ಬಾಗಲ್ಲ, ಬಾಗಿದ್ರೆ ಅದು ಫ್ಯಾಕ್ಟರಿಯಲ್ಲಿ ಬೆಳೆಸಿದ್ದು. 1902ರಲ್ಲಿ ಆಗಸ್ಟ್ ವೆರ್ನುಯಿ ಅನ್ನೋ ಫ್ರೆಂಚ್ ವಿಜ್ಞಾನಿ ಜಗತ್ತಿಗೆ ತಿಳಿಸಿದ, ಕೆಂಪು ಬೆಳೆಸೋ ವಿಧಾನ ಇದು, ಅಲ್ಯುಮಿನಾ ಪುಡಿಗೆ ಸ್ವಲ್ಪ ಕ್ರೋಮಿಯಂ ಬೆರೆಸಿ ಜ್ವಾಲೆ ಮೂಲಕ ಉದುರಿಸ್ತಾರೆ, ಅದು ಕರಗಿ ಕೆಳಗೆ ಬಿದ್ದು ಹುತ್ತ ಬೆಳೆದ ಹಾಗೆ ಪದರ ಪದರವಾಗಿ ಬೆಳೆಯತ್ತೆ, ಬಾಗಿದ ಗೆರೆ ಬರೋದು ಅದಕ್ಕೇ. ಹಾಗಾಗಿ ಒಡವೆ ಹಳೇದು ಅಂದ ಮಾತ್ರಕ್ಕೆ ಕಲ್ಲು ಗಣಿಯದ್ದು ಅನ್ನೋಕಾಗಲ್ಲ, ಫ್ಯಾಕ್ಟರಿ ಕೆಂಪಿಗೂ ನೂರು ವರ್ಷ ದಾಟಿದೆ.

ಲೆನ್ಸಲ್ಲಿ ಇನ್ನೊಂದು ನೋಡ್ಬೇಕು. ಕಲ್ಲನ್ನ ಅಲುಗಾಡಿಸಿದಾಗ ಒಳಗಿನ ಬಿರುಕಲ್ಲಿ ನೀಲಿ ಮಿಂಚು ಬಂದು ಹೋದ್ರೆ, ಜೊತೆಗೆ ಚಪ್ಪಟೆ ಗುಳ್ಳೆ ಇದ್ರೆ, ಅದು ಸೀಸದ ಗಾಜು ತುಂಬಿಸಿದ ಕಳಪೆ ಮಾಣಿಕ್ಯ. ಈಚಿನ ವರ್ಷಗಳಲ್ಲಿ ಕಡಿಮೆ ರೇಟಿಗೆ ದೊಡ್ಡ ದೊಡ್ಡ ಕೆಂಪು ಅಂತ ಸಿಗೋದ್ರಲ್ಲಿ ಇದು ಬಹಳ. ಇದಕ್ಕೆ ನಿಂಬೆಹಣ್ಣಿನ ರಸ ತಾಗಿದ್ರೂ ಗಾಜು ಕೊರೆದು ಬಿರುಕು ಎದ್ದು ಕಾಣತ್ತೆ, ಆಚಾರಿ ಬೆಸುಗೆ ಬೆಂಕಿ ಹಿಡಿದ್ರಂತೂ ಮುಗೀತು. ಒಡವೆ ರಿಪೇರಿಗೆ ಕೊಡೋವಾಗ ಕಲ್ಲು ಬಿಚ್ಚಿಟ್ಟು ಬೆಸುಗೆ ಹಾಕಿ ಅಂತ ಬಾಯ್ಬಿಟ್ಟು ಹೇಳಿ.

ಮುಂದಿನದು ಅಲ್ಟ್ರಾವೈಲೆಟ್ ಟಾರ್ಚು, ನೋಟು ಚೆಕ್ ಮಾಡೋಕೆ ಇಟ್ಕೊಳ್ಳೋದು. ಕತ್ತಲೆ ಕೋಣೆಲಿ ಕಲ್ಲಿನ ಮೇಲೆ ಬಿಡಿ, ಕಣ್ಣಿಗೆ ಬಿಡಬೇಡಿ. ಮಾಣಿಕ್ಯದಲ್ಲಿರೋ ಕ್ರೋಮಿಯಂ ಕೆಂಡದ ಹಾಗೆ ಉರಿಯತ್ತೆ, ಕಬ್ಬಿಣದ ಅಂಶ ಜಾಸ್ತಿ ಇದ್ರೆ ಮಂಕಾಗಿರತ್ತೆ. ಗಾರ್ನೆಟ್ ಸುಮ್ಮನಿರತ್ತೆ, ಕೆಂಪು ಗಾಜೂ ಸಾಮಾನ್ಯವಾಗಿ ಹೀಗೆ ಉರಿಯಲ್ಲ. ಆದ್ರೆ ಕೆಂಪು ಸ್ಪಿನೆಲ್ಲೂ ಉರಿಯತ್ತೆ, ಫ್ಯಾಕ್ಟರಿ ಕೆಂಪಂತೂ ಇನ್ನೂ ಜೋರಾಗಿ ಉರಿಯತ್ತೆ, ಅದಕ್ಕೆ ಇದೊಂದನ್ನೇ ನಂಬಬೇಡಿ.

ಮಿಕ್ಕ ಎರಡು ಪರೀಕ್ಷೆಗೆ ಕಲ್ಲು ಬಿಡಿಯಾಗಿರಬೇಕು. ನಂಬಿಕೆ ಇರೋ ಆಚಾರಿ ಹತ್ರ ಕೂತು ಕಣ್ಮುಂದೆನೇ ಬಿಚ್ಚಿಸ್ಕೊಳ್ಳಿ. ಒಂದು, ಲ್ಯಾಪ್‌ಟಾಪ್ ಎಲ್‌ಸಿಡಿ ಸ್ಕ್ರೀನನ್ನ ಪೂರ್ತಿ ಬಿಳಿ ಮಾಡಿ ಅದರ ಮುಂದೆ ಕಲ್ಲು ಹಿಡಿದು ನಿಧಾನವಾಗಿ ತಿರುಗಿಸಿ. ಆ ಬೆಳಕು ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕು, ಮಾಣಿಕ್ಯ ಆದ್ರೆ ಒಂದ್ಸಲ ನೇರಳೆ ಕಡೆ ವಾಲಿದ ಕೆಂಪು, ಕಾಲು ಸುತ್ತು ತಿರುಗಿಸಿದ್ರೆ ಕಿತ್ತಳೆ ಕಡೆ ವಾಲಿದ ಕೆಂಪು. ಒಂದು ಕೋನದಲ್ಲಿ ಕಾಣದಿದ್ರೆ ಕಲ್ಲು ಮಗುಚಿ ನೋಡಿ. ಗಾಜು, ಗಾರ್ನೆಟ್, ಸ್ಪಿನೆಲ್ ಮೂರೂ ಬಣ್ಣ ಬದಲಾಯಿಸಲ್ಲ.

ಇನ್ನೊಂದು ತೂಕ, ನನಗೆ ಬಹಳ ಇಷ್ಟ ಆಗಿದ್ದು ಇದೇ. ಮಿಲಿಗ್ರಾಂ ತೋರಿಸೋ ಪುಟ್ಟ ತಕ್ಕಡಿ ಬೇಕು. ಮೊದ್ಲು ಕಲ್ಲನ್ನ ಹಾಗೇ ತೂಗಿ ಬರ್ಕೊಳ್ಳಿ. ಆಮೇಲೆ ತಕ್ಕಡಿ ತಡ್ಕೊಳ್ಳೋಷ್ಟು ಹಗುರದ ಪ್ಲಾಸ್ಟಿಕ್ ಲೋಟದಲ್ಲಿ ಸ್ವಲ್ಪ ನೀರಿಟ್ಟು ತಕ್ಕಡಿನ ಸೊನ್ನೆ ಮಾಡಿ, ಕಲ್ಲಿಗೆ ತೆಳ್ಳನೆ ದಾರ ಕಟ್ಟಿ ನೀರಲ್ಲಿ ಪೂರ್ತಿ ಮುಳುಗೋ ಹಾಗೆ, ತಳಕ್ಕೆ ಗೋಡೆಗೆ ತಾಗದ ಹಾಗೆ, ಕೈಲಿ ತೂಗಿ ಹಿಡೀರಿ. ಈಗ ತಕ್ಕಡಿ ತೋರಿಸೋದು ಕಲ್ಲು ಸರಿಸಿದ ನೀರಿನ ತೂಕ. ಮೊದಲ ತೂಕವನ್ನ ಇದರಿಂದ ಭಾಗಿಸಿ. ನಮ್ಮ ಬಲಗಿವಿ ಕಲ್ಲು 0.420 ಗ್ರಾಂ, ನೀರಲ್ಲಿ 0.105, ಭಾಗಿಸಿದ್ರೆ ಸರಿಯಾಗಿ 4. ಮಾಣಿಕ್ಯಕ್ಕೆ 4 ಬರಬೇಕು, ಸ್ಪಿನೆಲ್ 3.6, ಮಾಮೂಲಿ ಗಾಜು 2.5ರ ಆಸುಪಾಸು. ಎಡಗಿವಿದಕ್ಕೂ 4 ಬಂತು! ಯಾಕಂದ್ರೆ ಫ್ಯಾಕ್ಟರಿ ಕೆಂಪೂ ಅದೇ ವಸ್ತು, ಹುಟ್ಟಿದ ಜಾಗ ಮಾತ್ರ ಬೇರೆ. ಕೆಲವು ಗಾರ್ನೆಟ್ಟೂ 4ರ ಹತ್ರ ಬರತ್ತೆ, ಅದನ್ನ ಲ್ಯಾಪ್‌ಟಾಪ್ ಪರೀಕ್ಷೆ ಹಿಡಿದುಕೊಡತ್ತೆ. ಕಲ್ಲಿಗೆ ಗಾಳಿಗುಳ್ಳೆ ಅಂಟಿದ್ರೆ ಲೆಕ್ಕ ತಪ್ಪತ್ತೆ, ನೀರಿಗೆ ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ.

ಸರಿ, ಅದೇ ವಸ್ತು ಅಂದ್ಮೇಲೆ ಒಂದಕ್ಕೆ ಯಾಕೆ ಅಷ್ಟು ಬೆಲೆ? ಮಾಣಿಕ್ಯ ಅಂದ್ರೆ ಕುರಂದ, ಅಲ್ಯುಮಿನಿಯಂ ಮತ್ತು ಆಮ್ಲಜನಕ ಅಷ್ಟೇ, ಇಂಗ್ಲಿಷಿನ ಕೊರಂಡಮ್ ಅನ್ನೋ ಪದ ಕೂಡ ನಮ್ಮ ದಕ್ಷಿಣದ ಈ ಪದದಿಂದಲೇ ಹೋಗಿದ್ದು. ಅದು ಕೆಂಪಾಗ್ಬೇಕಾದ್ರೆ ಬೆಳೆಯೋ ಜಾಗದಲ್ಲಿ ಕ್ರೋಮಿಯಂ ಇರಬೇಕು, ಸಿಲಿಕಾ ಬಹಳ ಕಡಿಮೆ ಇರಬೇಕು, ಬಣ್ಣ ಬೆಳಗಬೇಕು ಅಂದ್ರೆ ಕಬ್ಬಿಣನೂ ಕಡಿಮೆ ಇರಬೇಕು. ಭೂಮಿಲಿ ಸಿಲಿಕಾ ಮತ್ತೆ ಕಬ್ಬಿಣ ಎಲ್ಲೆಲ್ಲೂ ಇದೆ, ಹೀಗಾಗಿ ಇದೆಲ್ಲ ಒಟ್ಟಿಗೆ ಕೂಡಿಬರೋ ಜಾಗನೇ ಅಪರೂಪ. ಬರ್ಮಾದ ಮೊಗೋಕ್‌ನ ಅಮೃತಶಿಲೆ ಅಂಥ ಜಾಗ. 2015ರಲ್ಲಿ ಜಿನೀವಾ ಹರಾಜಲ್ಲಿ 25.59 ಕ್ಯಾರಟ್ಟಿನ ಸನ್‌ರೈಸ್ ರೂಬಿ ಅನ್ನೋ ಬರ್ಮಾ ಕಲ್ಲು ಸುಮಾರು 3 ಕೋಟಿ ಡಾಲರಿಗೆ ಹೋಯ್ತು, ಅದು ಐದು ಗ್ರಾಂಗಿಂತ ಚೂರು ಜಾಸ್ತಿ ಅಷ್ಟೇ. 2023ರಲ್ಲಿ ಮೊಜಾಂಬಿಕ್‌ನ 55.22 ಕ್ಯಾರಟ್ಟಿನ ಕಲ್ಲು ಅದನ್ನೂ ಮೀರಿಸಿ 3.48 ಕೋಟಿ ಡಾಲರ್ ತಂತು.

ನಮ್ಮ ಮೈಸೂರು ಸೀಮೆಲೂ ಕುರಂದ ಸಿಗತ್ತೆ, ನಕ್ಷತ್ರ ಮೂಡೋ ಕೆಂಪು ಕಲ್ಲು ಇಲ್ಲಿಯದ್ದು ಹೊರಗೂ ಹೆಸರುವಾಸಿ. ಗುಂಡಗೆ ಉಜ್ಜಿ ಒಂದೇ ದೀಪದ ಕೆಳಗೆ ಹಿಡಿದ್ರೆ ಆರು ಕಾಲಿನ ನಕ್ಷತ್ರ ಕಾಣತ್ತೆ, ಕಲ್ಲು ಆಡಿಸಿದ ಹಾಗೆ ಅದೂ ಜಾರತ್ತೆ, ಆ ರೇಷ್ಮೆ ಎಳೆಗಳಿಂದಲೇ ಆಗೋದು ಅದು. ಆದ್ರೆ ಇವು ಹೆಚ್ಚಾಗಿ ಬೆಳಕು ಹಾಯದ ಮರೂನ್ ಬಣ್ಣದ ಕಲ್ಲು, ಹೀಗಾಗಿ ಬೆಲೆ ಕಡಿಮೆ. ಬರ್ಮಾ ರೇಟ್ ಹೇಳಿದ್ರೆ ಕೊಡಬೇಡಿ, ಚಂದ ಕಂಡ್ರೆ ಚಂದಕ್ಕೆ ಕೊಳ್ಳಿ.

ಬೆಲೆಲಿ ದೊಡ್ಡ ವ್ಯತ್ಯಾಸ ಮಾಡೋದು ಕಾಯಿಸಿದಾರಾ ಇಲ್ವಾ ಅನ್ನೋದು. ಮಾರ್ಕೆಟ್ಟಲ್ಲಿರೋ ಬಹುಪಾಲು ಮಾಣಿಕ್ಯ ಬಣ್ಣ ತಿಳಿಯಾಗಲಿ ಅಂತ ಕುಲುಮೇಲಿ ಕಾಯಿಸಿದ್ದು. ಜೋರು ಶಾಖಕ್ಕೆ ರೇಷ್ಮೆ ಎಳೆ ಕರಗಿ ತುಂಡಾಗತ್ತೆ, ಅದಕ್ಕೇ ಎಳೆ ಗಟ್ಟಿಯಾಗಿ ಉಳಿದಿರೋ ಕಲ್ಲಿಗೆ ಮರ್ಯಾದೆ. ಇದನ್ನ ಖಚಿತವಾಗಿ ಹೇಳೋದು ಲ್ಯಾಬ್ ಮಾತ್ರ, ಮೊದ್ಲು ಜೆಮ್ ಟೆಸ್ಟಿಂಗ್ ಲ್ಯಾಬೊರೇಟರಿ ಅಂತಿದ್ದ, ಈಗ ಐಐಜಿಜೆ-ಆರ್‌ಎಲ್‌ಸಿ ಅನ್ನೋ ಲ್ಯಾಬ್ ಜೈಪುರದಲ್ಲಿದೆ. ರಿಪೋರ್ಟಲ್ಲಿ ನ್ಯಾಚುರಲ್ ಅಂತ ಇದ್ದ ಮಾತ್ರಕ್ಕೆ ನಿಲ್ಲಬೇಡಿ, ಟ್ರೀಟ್‌ಮೆಂಟ್ ಅನ್ನೋ ಸಾಲು ಓದಿ. ಮತ್ತೆ ಬಿಐಎಸ್ ಹಾಲ್‌ಮಾರ್ಕ್ ಹೇಳೋದು ಚಿನ್ನದ ಶುದ್ಧತೆ ಅಷ್ಟೇ, ಕಲ್ಲಿನ ಬಗ್ಗೆ ಅದು ಏನೂ ಹೇಳಲ್ಲ.

ನಮ್ಮ ಬಲಗಿವಿ ಕಲ್ಲಿನ ರಿಪೋರ್ಟ್ ಬಂತು, ಪ್ರಕೃತಿಯದ್ದು, ಕಾಯಿಸಿದ ಗುರುತಿಲ್ಲ. ಅಮ್ಮನಿಗೆ ಎಡಗಿವಿದು ಫ್ಯಾಕ್ಟರಿದು ಕಣಮ್ಮ ಅಂತ ಬೇಜಾರಲ್ಲಿ ಹೇಳಿದ್ರೆ ಅವ್ರಿಗೆ ಆಶ್ಚರ್ಯನೇ ಆಗ್ಲಿಲ್ಲ. ನಾಲೇಲಿ ಬಟ್ಟೆ ಒಗೀವಾಗ ಅಜ್ಜಿ ಓಲೆ ಕಲ್ಲು ಕಳಚಿ ಬಿದ್ದಿತ್ತಂತೆ, ತಾತ ಬೆಲ್ಲ ಮಾರಿದ ದುಡ್ಡಲ್ಲಿ ಮೈಸೂರಿಗೆ ಹೋಗಿ ಜೋಡಿಗೆ ಹೊಂದೋ ಕಲ್ಲು ಹುಡುಕಿ ತಂದ್ರಂತೆ. ಕಟ್ಟಿಸೋಕೆ ಹೋದಾಗ ಆಚಾರಿ ಎಡಗಿವಿಗೂ ಒಳ್ಳೇ ಕಲ್ಲು ಹಾಕೋಣ್ವಾ ಅಂದ್ರು. ಅಮ್ಮ ಬೇಡ ಅಂದ್ರು. ತಗಡು ತೆಗೆಸಿ, ಹಿಂದೆ ಬೆಳಕಾಡೋ ಹಾಗೆ ತೆರೆದಿಟ್ಟು, ಎರಡನ್ನೂ ಅದೇ ಜಾಗಕ್ಕೆ ಕಟ್ಟಿಸಿದ್ವಿ.